ಸ್ವಿಚ್ ಮೇಲಿನ ಕೆಂಪು ಚುಕ್ಕೆ

ಆ ಮನೆಯ ಮೆಟ್ಟಿಲಿಗೆ ಹಗಲಲ್ಲೂ ಬೆಳಕಿಲ್ಲ. ಕೆಳಗೆ ಸೊಸೆಯ ಹೊಲಿಗೆ ಅಂಗಡಿ, ಮೇಲೆ ಮನೆ, ನಡುವೆ ಒಂದು ತಿರುವಿರುವ ಹದಿನಾಲ್ಕು ಮೆಟ್ಟಿಲು. ದೀಪದ ಸ್ವಿಚ್ ಇದ್ದದ್ದು ಕೆಳಗೆ ಮಾತ್ರ. ಮೇಲಿನಿಂದ ಇಳಿಯುವವರು ಗೋಡೆ ಸವರಿಕೊಂಡೇ ಬರಬೇಕಿತ್ತು. ಹಾಗೆ ಬರುತ್ತಾ ಒಂದು ದಿನ ಅತ್ತೆ ಕಾಲು ತಪ್ಪಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು.

ಕೈಯ ಪಟ್ಟಿ ಬಿಚ್ಚಿದ ವಾರವೇ ಸೊಸೆ ವೈರಿಂಗ್ ಕೆಲಸದ ಹೆಂಗಸನ್ನು ಕರೆಸಿದಳು. ಬೀದಿಯವರಿಗೆಲ್ಲ ಅವಳು ಕರೆಂಟಕ್ಕ. ಅರ್ಧ ದಿನದಲ್ಲಿ ಮೆಟ್ಟಿಲ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಕೂರಿಸಿದಳು. ಎಲ್ಲಿಂದ ಬೇಕಾದರೂ ದೀಪ ಹಚ್ಚಬಹುದು, ಎಲ್ಲಿಂದ ಬೇಕಾದರೂ ಆರಿಸಬಹುದು.

“ಒಂದು ಮಾತು ನೆನಪಿರಲಿ,” ಎಂದಳು ಕರೆಂಟಕ್ಕ. “ಈ ಸ್ವಿಚ್‌ಗೆ ಆನ್ ಕಡೆ, ಆಫ್ ಕಡೆ ಅಂತ ಇಲ್ಲ. ಎರಡರ ಮಧ್ಯೆ ಎರಡು ತಂತಿ ಹೋಗಿವೆ. ಎರಡೂ ಸ್ವಿಚ್ ಒಂದೇ ತಂತಿ ಹಿಡಿದ್ರೆ ದೀಪ ಹತ್ತುತ್ತೆ, ಬೇರೆ ಬೇರೆ ಹಿಡಿದ್ರೆ ಆರುತ್ತೆ. ಅದಕ್ಕೇ ಬಲ್ಬ್ ಹತ್ರ ಕೈ ಹಾಕೋ ಮುಂಚೆ ಮೇನ್ ಸ್ವಿಚ್ ಇಳಿಸಿ.”

ಮಾವನಿಗೆ ಇದು ಸರಿಬರಲಿಲ್ಲ. ಬಸ್ ಡ್ರೈವರ್ ಆಗಿ ನಿವೃತ್ತರಾದವರು, ಎಲ್ಲದಕ್ಕೂ ಗುರುತು ಬೇಕು.

“ಆನ್ ಯಾವುದು, ಆಫ್ ಯಾವುದು ಗೊತ್ತಾಗದ ಸ್ವಿಚ್ಚೂ ಒಂದು ಸ್ವಿಚ್ಚೇನಮ್ಮ? ಮೂವತ್ತೊಂದು ವರ್ಷ ಬಸ್ಸು ಓಡಿಸಿದ್ದೀನಿ ನಾನು.”

ಕರೆಂಟಕ್ಕ ಅತ್ತ ಹೋದದ್ದೇ ತಡ, ಮಾವ ಸೊಸೆಯ ನೇಲ್ ಪಾಲಿಶ್ ತಂದು, ದೀಪ ಆರಿದ್ದಾಗ ಕೆಳಗಿನ ಸ್ವಿಚ್ ಯಾವ ಕಡೆಗಿತ್ತೋ ಆ ಕಡೆಗೊಂದು ಕೆಂಪು ಚುಕ್ಕೆ ಇಟ್ಟರು. ಸೊಸೆ ನೋಡಿಯೂ ಬಾಯಿ ಬಿಡಲಿಲ್ಲ. ಹೇಳಿದರೆ ಮೂರು ದಿನ ಮುಖ ಊದಿಸಿಕೊಂಡಿರುತ್ತಾರೆ, ಯಾಕೆ ಬೇಕು? ಅತ್ತೆಗೆ ಮಾತ್ರ ದಿನಾ ಪಾಠ ಹೇಳಿದಳು: “ಅತ್ತೆ, ಮೊದಲು ಸ್ವಿಚ್, ಆಮೇಲೆ ಕಾಲು.” ಅತ್ತೆ ಚಾಚೂ ತಪ್ಪದೆ ಹಾಗೇ ಮಾಡುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ದೀಪ ಕಣ್ಣು ಪಿಳುಕಿಸತೊಡಗಿತು. ಮಾವ ಅದನ್ನು ಆರಿಸಿ, ಟಾರ್ಚ್ ಹಚ್ಚಿ ಮೆಟ್ಟಿಲ ಮೇಲಿಟ್ಟು, ತಿರುವಿನಲ್ಲಿ ಸ್ಟೂಲು ಹಾಕಿಕೊಂಡು ಹತ್ತಿದರು.

“ಮೇನ್ ಇಳಿಸಲಾ ಮಾವ?”

“ನಿನ್ನ ಮಿಷನ್ ಯಾಕೆ ನಿಲ್ಲಿಸ್ತೀಯ? ಸಂಜೆಯೊಳಗೆ ಆರು ಯೂನಿಫಾರ್ಮ್ ಕೊಡ್ಬೇಕಲ್ಲ ನೀನು. ಸ್ವಿಚ್ಚು ಚುಕ್ಕೆ ಕಡೆಗಿದೆ. ಟೆಸ್ಟರ್ ಇಟ್ಟೂ ನೋಡ್ದೆ, ಕರೆಂಟಿಲ್ಲ.”

ಆ ಗಳಿಗೆಗೆ ಅದು ನಿಜವೇ. ಸೊಸೆ ಹೊಲಿಗೆಗೆ ತಲೆ ಬಗ್ಗಿಸಿದಳು. ಕೂತಲ್ಲಿಂದ ಅವಳಿಗೆ ಮಾವನ ಬರಿಗಾಲು ಕಾಣುತ್ತಿತ್ತು, ಮೆಟ್ಟಿಲ ಬದಿಯ ಕಬ್ಬಿಣದ ಕಂಬಿ ಹಿಡಿದ ಎಡಗೈ ಕಾಣುತ್ತಿತ್ತು. “ಹೋಲ್ಡರ್ ಒಳಗಿನ ತಂತಿನೇ ಸಡಿಲ ಆಗಿದೆ,” ಎಂದು ಅವರು ಗೊಣಗಿದರು. ಬಲಗೈ ಬೆರಳುಗಳಲ್ಲಿ ಬರಿಯ ತಾಮ್ರ ಹಿಡಿದು ಹೊಸೆಯುತ್ತಿದ್ದರು.

ಆಗ ಮೇಲೆ ಮಂಚ ಕಿರ್ರೆಂದಿತು.

ಅತ್ತೆ ನಿದ್ದೆಯಿಂದ ಎದ್ದಿದ್ದರು. ಚಪ್ಪಲಿ ಎಳೆಯುವ ಸದ್ದು ಬಾಗಿಲ ಕಡೆಗೆ ಬರುತ್ತಿತ್ತು. ಸೊಸೆಗೆ ತಟ್ಟನೆ ನೆನಪಾಯಿತು: ಮೊದಲು ಸ್ವಿಚ್, ಆಮೇಲೆ ಕಾಲು. ತಾನೇ ಕಲಿಸಿದ ಪಾಠ. ಕೂಗೋಣವೆಂದರೆ ಅತ್ತೆಗೆ ಕಿವಿ ಮಂದ, “ಏನಂದೆ?” ಎನ್ನುತ್ತಲೇ ಒತ್ತಿಬಿಡುತ್ತಾರೆ. ಮಾವನಿಗೆ ಹೇಳಲು ಹೋದರೆ ಅವರು ವಾದಕ್ಕೆ ನಿಲ್ಲುತ್ತಾರೆ. ಅವಳು ಕುರ್ಚಿ ಉರುಳಿಸಿಕೊಂಡು ಎದ್ದಳು. ಮೇನ್ ಇದ್ದದ್ದು ತೂಗುಹಾಕಿದ ಬಟ್ಟೆಗಳ ಹಿಂದೆ. ಹ್ಯಾಂಗರುಗಳು ಕಾಲಿಗೆ ತೊಡರಿದವು. ಕೈಗೆ ಗೋಡೆ ಸಿಕ್ಕಿತು, ಪೆಟ್ಟಿಗೆ ಸಿಕ್ಕಿತು, ಕೊನೆಗೆ ಸ್ವಿಚ್ ಸಿಕ್ಕಿತು. ಇಳಿಸಿದಳು. ಫ್ಯಾನು ನಿಧಾನವಾಯಿತು.

ಮೇಲಿನಿಂದ ಟಕ್ ಎಂದು ಕೇಳಿಸಿತು.

“ಯಾರೇ ಅದು ಮೇನ್ ಇಳಿಸಿದ್ದು?” ಮಾವ ಸಿಡುಕಿದರು. “ಬೇಡ ಅಂದಿದ್ದೆ ತಾನೇ?”

ಅದರ ಬೆನ್ನಿಗೇ ಅತ್ತೆಯ ದನಿ ಇಳಿದು ಬಂತು. “ಸ್ವಿಚ್ ಒತ್ತಿದೆ ಕಣಮ್ಮ, ದೀಪ ಬರಲಿಲ್ವಲ್ಲ?”

ಮಾವ ತಂತಿ ಹಿಡಿದ ತಮ್ಮ ಬೆರಳನ್ನೇ ನೋಡಿದರು. ಆಮೇಲೆ ಸ್ಟೂಲಿನಿಂದ ಇಳಿದು ಮೆಟ್ಟಿಲ ಮೇಲೆ ಕೂತರು. ಸೊಸೆ ಬಂದು ನೀರು ಕೊಟ್ಟಳು. ಅವಳಿಗೆ ಅಳು ಬಂತು. ಚುಕ್ಕೆ ಇಟ್ಟ ದಿನವೇ ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು, ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ ಎಂದು.

ಕರೆಂಟಕ್ಕ ಬಂದು ಹೋಲ್ಡರ್ ಬದಲಿಸಿ, ಬಲ್ಬ್ ಹಾಕಿ, ಮೇನ್ ಎತ್ತಿದಳು; ಕೆಳಗಿನ ಸ್ವಿಚ್ಚು ಚುಕ್ಕೆ ಕಡೆಗಿದ್ದರೂ ದೀಪ ಉರಿಯಿತು. ಅದನ್ನು ಹಾಗೇ ಬಿಟ್ಟು, ಮೇಲಿನದನ್ನು ಒತ್ತಲು ಅತ್ತೆಗೆ ಹೇಳಿದಳು. ದೀಪ ಆರಿತು. ಮತ್ತೆ ಒತ್ತಿದಾಗ ಹತ್ತಿತು. ಚುಕ್ಕೆ ಇದ್ದಲ್ಲೇ ಇತ್ತು.

“ಡ್ರೈವರಣ್ಣ, ಬಸ್ಸು ಕೆಟ್ಟು ರಿಪೇರಿಗೆ ಅದರ ಕೆಳಗೆ ನುಗ್ಗುವಾಗ ಕೀಲಿ ಎಲ್ಲಿಡ್ತಿದ್ರಿ?”

“ನನ್ನ ಜೇಬಲ್ಲೇ.”

“ಯಾಕೆ? ಬಸ್ಸು ಆಫ್ ಆಗೇ ಇತ್ತಲ್ಲ?”

“ಇನ್ಯಾರಾದ್ರೂ ಹತ್ತಿ ಸ್ಟಾರ್ಟ್ ಮಾಡ್ಬಿಟ್ರೆ...” ಮಾವ ಅರ್ಧಕ್ಕೇ ನಿಲ್ಲಿಸಿದರು. “ಗೊತ್ತಾಯ್ತಮ್ಮ,” ಎಂದರು. ಎದ್ದು ಹೋಗಿ ಬ್ಲೇಡಿನಿಂದ ಆ ಚುಕ್ಕೆಯನ್ನು ತಾವೇ ಕೆರೆದು ತೆಗೆದರು.

ಅತ್ತೆ ಮಾತ್ರ ಆ ಸಂಜೆಯೆಲ್ಲ ಬಲಗೈ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. “ಇದೇ ಬೆರಳು ಕಣೇ,” ಎಂದು ಸೊಸೆಗೆ ಎರಡು ಸಲ ಹೇಳಿದರು.

ಈಗ ಆ ಮನೆಯ ಮೇನ್ ಪಕ್ಕದಲ್ಲಿ ಒಂದು ಕೆಂಪು ಬಟ್ಟೆ ತೂಗುತ್ತದೆ. ಸೊಸೆ ಅದರ ಮೇಲೆ ದಾರದಲ್ಲಿ ಹೊಲಿದಿದ್ದಾಳೆ: ‘ಎತ್ತಬೇಡಿ, ಕೆಲಸ ನಡೆದಿದೆ.’ ದೀಪದ ರಿಪೇರಿಗೆ ಕರೆಂಟಕ್ಕ ಬಂದಾಗಲೆಲ್ಲ ಮಾವ ಮೇನ್ ಇಳಿಸಿ, ಬಟ್ಟೆ ಕಟ್ಟಿ, ಅಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ.

ನಿಮ್ಮ ಮನೆಯ ಮೆಟ್ಟಿಲೂ ಕತ್ತಲೆಯೇ? ಖಂಡಿತ ಎರಡು ಕಡೆ ಸ್ವಿಚ್ ಹಾಕಿಸಿ, ಬಿದ್ದು ಕೈಕಾಲು ಮುರಿದುಕೊಳ್ಳುವುದು ತಪ್ಪುತ್ತದೆ. ಆದರೆ ಕೆಲಸ ಬಲ್ಲವರಿಂದಲೇ ಹಾಕಿಸಿ. ಬರಿಯ ಬಲ್ಬ್ ಬದಲಿಸುವುದಾದರೂ ಸರಿ, ಮೊದಲು ಮೇನ್ ಇಳಿಸಿ, ಮನೆಯವರಿಗೆಲ್ಲ ಹೇಳಿ, ಮೇನ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ಆ ಅತ್ತೆಯ ತಪ್ಪೇನೂ ಇರಲಿಲ್ಲ, ಅವರು ದೀಪ ಹಚ್ಚಲು ಹೋದರು ಅಷ್ಟೇ. ನಿಮ್ಮ ಮನೆಯಲ್ಲೂ ಹಾಗೆ ದೀಪ ಹಚ್ಚುವವರಿದ್ದಾರೆ. ಅವರ ಕೈಯಿಂದ ನಿಮಗೇನೂ ಆಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.