ಡೋಜರ್ ಹಲಗೆಗೆ ಒಂದು ಕೆಲಸ

ನಮ್ಮ ಮನೆಯವರು ನಿಂಗರಾಜು ಮಿನಿ ಟ್ರಾಕ್ಟರಿನ ಮೂತಿಗೆ ಕಬ್ಬಿಣದ ಹಲಗೆ ಕಟ್ಟಿಸಿಕೊಂಡು ಬಂದು ಎರಡು ವರ್ಷವಾಗಿತ್ತು. ಮಣ್ಣು ತಳ್ಳುವುದಕ್ಕೆಂದು ಬೆಳ್ಳೂರು ಕ್ರಾಸಿನ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ದಿನ ಕೂತು ಮಾಡಿಸಿದ್ದು. ತಳ್ಳಲು ಮಣ್ಣೆಲ್ಲಿದೆ? ಮೊದಲ ದಿನವೇ ನನ್ನ ಬಟ್ಟೆ ಒಗೆಯುವ ಕಲ್ಲು ಉರುಳಿಸಿದರು. ಅಂದಿನಿಂದ ಟ್ರಾಕ್ಟರು ಶೆಡ್ಡಿನಲ್ಲಿ ನಿಂತಾಗಲೆಲ್ಲ ಆ ಹಲಗೆಯ ಮೇಲೆ ನಾನು ಬಟ್ಟೆ ಒಣಹಾಕುತ್ತಿದ್ದೆ.

"ಇದ್ರಿಂದ ಒಂದೇ ಒಂದ್ ಕೆಲ್ಸ ಆಗ್ಲಿ ನೋಡಾನ, ಡೈರಿವರ್ಗೂ ಟ್ರಾಕ್ಟರ್ ಮೇಲೆ ಕೂತ್ಕೊಂಡ್ ಬತ್ತೀನಿ" ಎಂದು ಬಂದವರೆದುರೆಲ್ಲ ಅಣಕಿಸುತ್ತಿದ್ದೆ. ನಿಂಗರಾಜು ನಕ್ಕುಬಿಡುತ್ತಿದ್ದರು. ಒಳಗೆ ನೊಂದುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೇನು, ಬಾಯಿ ಸುಮ್ಮನಿರಬೇಕಲ್ಲ.

ಕಳೆದ ಏಪ್ರಿಲ್ಲಿನ ಒಂದು ಸಂಜೆ ಆಲಿಕಲ್ಲು ಸುರಿಯಿತು. ನಿಂತ ಮೇಲೆ ನೋಡಿದರೆ ಮನೆಯಿಂದ ರಸ್ತೆಯವರೆಗಿನ ದಾರಿಯೆಲ್ಲ ಬೆಳ್ಳಗೆ, ಪಾದ ಮುಳುಗುವಷ್ಟು. ಹಾಲು ಕರೆದಾಗಿತ್ತು. ಡೈರಿಗೆ ಬೈಕಿನಲ್ಲಿ ಹೊರಟರೆ ಕ್ಯಾನಿನ ಸಮೇತ ಜಾರಿಬೀಳುವುದು ಖಂಡಿತ.

"ಪ್ರಮೀಳಾ, ಹಲಗೆ ಮೇಲಿನ ಬಟ್ಟೆ ತಕ್ಕೊಳಮ್ಮಿ! ಬಿಸ್ಲು ಬಂದ್ರೆ ಆಲಿಕಲ್ಲು ಕರ್ಗೋಯ್ತದೆ!"

ನೆಂಟರು ಬಂದರೂ ಎದ್ದು ನಿಲ್ಲಲು ಹತ್ತು ನಿಮಿಷ ಬೇಕಾದ ಮನುಷ್ಯ ಅಂದು ಶೆಡ್ಡಿಗೆ ಓಡಿದರು. ಅಷ್ಟರಲ್ಲಿ ನಮ್ಮತ್ತೆ ದೊಡ್ಡತಾಯಮ್ಮ ಹಂಡೆಯಿಂದ ಬಕೆಟ್ಟಿಗೆ ಬಿಸಿನೀರು ತುಂಬಿಕೊಂಡು ಬಂದರು.

"ಎಲ್ಡ್ ಬಕೆಟ್ ಉಯ್ದ್ರೆ ಆಯ್ತು. ಸುಮ್ಕಿದ್ರೂ ಅರ್ಧ ಗಂಟೇಲಿ ಅದೇ ಕರ್ಗ್ತದೆ. ಇದ್ಕೂ ಟ್ರಾಕ್ಟರಾ?"

ಮಾತು ಸರಿಯಾಗಿಯೇ ಇತ್ತು. ಬೇರೆ ದಿನವಾಗಿದ್ದರೆ ನಾನೇ ಹೇಳುತ್ತಿದ್ದೆ. ಆದರೆ ಇವರು ಕೀಲಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದರು. ನನಗೆ ಅಯ್ಯೋ ಅನ್ನಿಸಿತು. ಅತ್ತೆಯ ಕೈಯಿಂದ ಬಕೆಟ್ಟು ಕಿತ್ತುಕೊಂಡೆ.

"ಬುಡಿ ಅತ್ತೆ, ಅವ್ರು ತಳ್ಲಿ."

ಹಲಗೆ ಇಳಿಯಿತು. ಆಲಿಕಲ್ಲು ಗರಗರ ಎಂದು ಬದಿಗೆ ಸರಿದು ಬದು ಕಟ್ಟಿಕೊಂಡಿತು. ನಡುವೆ ಕೆಂಪು ದಾರಿ ಬಿತ್ತು. ಗೇಟಿನವರೆಗೆ ಹೋದವರು, ತಳ್ಳಲು ಏನೂ ಉಳಿಯದಿದ್ದರೂ ಇನ್ನೊಂದು ಸುತ್ತು ತಳ್ಳಿಕೊಂಡು ಬಂದರು.

"ಕೂತ್ಕೊ" ಎಂದರು.

ಆಡಿದ ಮಾತು ಆಡಿಯಾಗಿತ್ತು. ಕ್ಯಾನು ತೊಡೆಯ ಮೇಲಿಟ್ಟುಕೊಂಡು ಮಡ್‌ಗಾರ್ಡಿನ ಮೇಲೆ ಕೂತೆ.

ಎರಡು ಮೈಲಿ ದೂರದ ಡೈರಿಯ ಮುಂದೆ ಧೂಳು ಏಳುತ್ತಿತ್ತು. ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಇವರು ಹಿಗ್ಗಿನಿಂದ ನಡೆದದ್ದನ್ನೆಲ್ಲ ಹೇಳಿದರು.

"ಟ್ರಾಕ್ಟರಲ್ಲಿ ತಳ್ಳೋವಷ್ಟು ಆಲಿಕಲ್ಲಾ?" ಹಾಲು ಅಳೆಯುವ ಲೋಕೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಬುಡು ನಿಂಗಣ್ಣ, ಕಿವಿಗೆ ಹೂ ಮಡಗ್ಬೇಡ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕರೆದುಕೊಂಡು ಹೋಗಿ ತೋರಿಸೋಣವೆಂದರೆ ಅಷ್ಟರಲ್ಲಿ ಎಲ್ಲ ನೀರಾಗಿರುತ್ತದೆ. ಇವರ ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿದರು. ಊರವರ ಮುಂದೆಲ್ಲ ಹಲಗೆಯನ್ನು ಅಣಕಿಸಿದವಳೇ ಈಗ ಅದಕ್ಕೆ ಸಾಕ್ಷಿ.

"ನಗ್ಬೇಡ ಕಣ್ಲಾ ಲೋಕೇಶ. ಮೊಣಕಾಲುದ್ದ ಬಿದ್ದಿತ್ತು! ಆ ಹಲಗೆ ಇಲ್ದಿದ್ರೆ ಇವತ್ತು ನಿನ್ ಡೈರಿಗೆ ನಮ್ ಹಾಲೇ ಇಲ್ಲ."

ನಗು ನಿಂತಿತು. ಈ ಪ್ರಮೀಳಾ ಗಂಡನನ್ನು ಹೊಗಳಿದ್ದನ್ನು ಅಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಹಾಗಾಗಿ ನಂಬಿದರು.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಇವರು ಟ್ರಾಕ್ಟರಿನ ವೇಗ ತಗ್ಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಮೊಣಕಾಲುದ್ದ ಇತ್ತಾ ಅಮ್ಮಿ?"

"ಇತ್ತು. ಮುಂದೆ ನೋಡ್ಕೊಂಡ್ ಓಡ್ಸಿ."

ಮಾರನೆಯ ದಿನ ಬಟ್ಟೆ ಒಣಹಾಕಲು ಹಿತ್ತಿಲಲ್ಲಿ ಒಂದು ಹಗ್ಗ ಕಟ್ಟಿಕೊಂಡೆ.