ಎತ್ತಿಟ್ಟ ಫೋನು

ಕುಂಟಾಲಪಲ್ಕೆಯ ದಾರಿಗೆ ಅಡ್ಡವಾಗಿ ಕರೆಂಟಿನ ತಂತಿ ಕಡಿದು ಬಿದ್ದಿತ್ತು. ಮೂಸಲು ಹೋದ ನಾಯಿ ಅಲ್ಲೇ ಕಾಲು ಚಾಚಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಶಾಲೆಯ ವ್ಯಾನು ಬಂದು ಮಕ್ಕಳನ್ನು ಇಳಿಸುತ್ತದೆ. ಅವರಲ್ಲಿ ಜುಲೈಕಾಳ ಮಗಳು ಖದೀಜಳೂ ಒಬ್ಬಳು. ಕರೆಂಟ್ ಆಫೀಸಿಗೆ ಎಷ್ಟು ಸಲ ಫೋನು ಮಾಡಿದರೂ ಎಂಗೇಜ್. ಮೈದುನ ಉಸ್ಮಾನನನ್ನು ಕಾವಲು ನಿಲ್ಲಿಸಿದ್ದಾಯಿತು. ಆದರೆ ಒಬ್ಬ ಎಷ್ಟು ಕಡೆ ನಿಂತಾನು? ಮಕ್ಕಳೆಂದರೆ ಗುಡ್ಡದ ಮೇಲಿಂದಲೂ ಹಾರುತ್ತವೆ, ತೋಡಿನಿಂದಲೂ ಹತ್ತುತ್ತವೆ. ಜುಲೈಕಾ ರಿಕ್ಷಾ ಹಿಡಿದು ಪೇಟೆಗೆ ಬಂದಳು.

ಆಫೀಸಿನಲ್ಲಿ ಫ್ಯಾನು ಭರ್ರನೆ ತಿರುಗುತ್ತಿತ್ತು. ಫೋನಿನ ರಿಸೀವರನ್ನು ಎತ್ತಿ ಮೇಜಿನ ಬದಿಗೆ ಮಲಗಿಸಿ, ಅಧಿಕಾರಿ ಮಹೇಶ್ವರ ಗೋಳಿಬಜೆ ತಿನ್ನುತ್ತಿದ್ದ. ಅದನ್ನು ಕಂಡು ಅವಳ ಮೈಯೆಲ್ಲ ಉರಿದುಹೋಯಿತು.

"ಇದಕ್ಕಾ ಎಂಗೇಜ್ ಬರುವುದು? ಅಲ್ಲಿ ತಂತಿ ಬಿದ್ದು ನಾಯಿ ಸತ್ತಿದೆ ಸಾರ್. ಲೈನ್ ಆಫ್ ಮಾಡಿಸಿ, ಬೇಗ!"

ಮಹೇಶ್ವರ ನಿಧಾನಕ್ಕೆ ಕಂಪ್ಯೂಟರಿನ ಕಡೆ ತಿರುಗಿದ. "ಆರ್‌ಆರ್ ನಂಬರ್ ಹೇಳಿ. ಮೀಟರಿನ ನಂಬರ್, ಬಿಲ್ಲಿನಲ್ಲಿ ಉಂಟಲ್ಲ, ಅದು. ಅದಿಲ್ಲದೆ ಇದು ಕಂಪ್ಲೇಂಟ್ ತೆಗೆದುಕೊಳ್ಳುವುದಿಲ್ಲ."

"ಬಿದ್ದದ್ದು ದಾರಿಗೆ. ದಾರಿಗೆ ಎಂಥ ಮೀಟರ್ ಮಾರಾಯ್ರೆ?"

ಅವನು ಈಗ ಮುಖ ಎತ್ತಿದ. "ಓ, ನೀವಾ! ಮೊನ್ನೆ ಫೋನಿನಲ್ಲಿ ನನ್ನ ಅಪ್ಪ, ಅಜ್ಜ ಎಲ್ಲರನ್ನೂ ಎತ್ತಿ ಬೈದದ್ದು ನೀವೇ. ಸ್ವರ ಗೊತ್ತುಂಟು ನನಗೆ."

"ಹೌದು, ನಾನೇ. ಇವತ್ತೂ ಬೈತೇನೆ. ಮೊದಲು ಲೈನ್ ಆಫ್ ಮಾಡಿಸಿ."

"ಆಫ್ ಮಾಡಿದರೆ ಇಡೀ ಪೇಟೆಗೆ ಕರೆಂಟ್ ಹೋಗ್ತದೆ. ಬೈಗುಳ ತಿನ್ನುವವ ಯಾರು, ನಾನಾ? ನಿಮ್ಮಂಥವರ ಬಾಯಿಗೆ ಹೆದರಿಯೇ ಫೋನು ಎತ್ತಿಡುವುದು. ಲೈನ್‌ಮ್ಯಾನ್ ಬರಲಿ, ನೋಡುವ."

"ನೋಡುವುದು ಎಂಥದ್ದು? ಮಕ್ಕಳ ಮಯ್ಯತ್ತಾ, ಹೆಣವಾ?"

ಜುಲೈಕಾ ಎದುರಿನ ಕುರ್ಚಿ ಎಳೆದು ಕುಳಿತಳು. ರಿಸೀವರನ್ನು ಅದರ ಜಾಗದಲ್ಲಿ ಕುಕ್ಕಿದಳು. "ಬೈಗುಳ ನಾನು ತಿನ್ನುತ್ತೇನೆ. ಕಲ್ಲಡ್ಕ ಪೇಟೆಯಲ್ಲಿ ಬೆಳೆದವಳು, ನನಗೇನು ಹೊಸತಾ? ನೀವು ಮೊಬೈಲಿನಲ್ಲಿ ಸಬ್‌ಸ್ಟೇಷನ್ನಿಗೆ ಹೇಳಿ, ಲೈನ್ ಆಫ್ ಮಾಡಲಿಕ್ಕೆ. ಹೇಳುವವರೆಗೆ ಏಳುವವಳಲ್ಲ. ಎಬ್ಬಿಸ್ತೀರಾ? ಮುಟ್ಟಿ, ನೋಡುವ!"

ಮಹೇಶ್ವರ ಬಾಗಿಲ ಕಡೆ ನೋಡಿದ. ಅಲ್ಲಾಗಲೇ ಬಿಲ್ಲು ಕಟ್ಟಲು ಬಂದವರು ಕತ್ತು ಚಾಚಿ ನಿಂತಿದ್ದರು. ಹಲ್ಲು ಕಚ್ಚಿಕೊಂಡು ಮೊಬೈಲು ತೆಗೆದ.

ಫ್ಯಾನು ನಿಂತಿತು. ನಿಂತದ್ದೇ ತಡ, ಫೋನು ಬಡಿದುಕೊಂಡಿತು. ಮತ್ತೆ ಎತ್ತಿಡಲು ಅವನು ಕೈ ಚಾಚಿದಾಗ ಜುಲೈಕಾ ಆ ಕೈಗೆ ಪಟ್ಟನೆ ಹೊಡೆದು, ತಾನೇ ಎತ್ತಿದಳು.

"ಏ, ಸತ್ತಿದ್ದೀರಾ ಎಲ್ಲ?" ಯಾರೋ ಹೋಟೆಲಿನವ. "ನನ್ನ ಗ್ರೈಂಡರಿನಲ್ಲಿ ಹಿಟ್ಟು ಅರ್ಧಕ್ಕೆ ನಿಂತಿದೆ. ಸಂಬಳ ತಿನ್ನಲಿಕ್ಕೆ ನಾಚಿಕೆ ಆಗುವುದಿಲ್ಲವಾ ನಿನಗೆ?"

"ದಾರಿಯಲ್ಲಿ ತಂತಿ ಬಿದ್ದಿದೆ. ಶಾಲೆ ಮಕ್ಕಳು ದಾಟಲಿಕ್ಕುಂಟು."

"ಯಾರದೋ ಮಕ್ಕಳು ದಾಟಲಿಕ್ಕೆ ನಾನು ಹೋಟೆಲ್ ಮುಚ್ಚಬೇಕಾ?"

"ಮುಚ್ಚು!" ಎಂದು ಇಟ್ಟಳು. ಮತ್ತೆ ಬಂತು. ಮತ್ತೆ ಎತ್ತಿದಳು. ಒಬ್ಬಳು ಶಾಪ ಹಾಕಿದಳು, ಇನ್ನೊಬ್ಬ ಇವಳ ತಾಯಿಯ ಸುದ್ದಿ ಎತ್ತಿದ. ಜುಲೈಕಾಳ ಕಿವಿ ಕೆಂಪಾಯಿತು. ಆದರೂ ಪ್ರತಿಯೊಬ್ಬರಿಗೂ ತಂತಿಯ ಸಂಗತಿ ಹೇಳಿದಳು.

ಅಷ್ಟರಲ್ಲಿ ಅವಳ ಮೊಬೈಲಿಗೆ ಉಸ್ಮಾನನ ಕರೆ ಬಂತು. "ಅತ್ತಿಗೆ, ಖದೀಜ ಮನೆ ಸೇರಿದಳು. ಎರಡನೇ ವ್ಯಾನು ಬರಲಿಕ್ಕುಂಟು. ತಂತಿ ಇಲ್ಲೇ ಉಂಟು."

"ಮಗಳು ಬಂದಳಾ, ಸರಿ, ನೀನು ಅಲ್ಲೇ ನಿಲ್ಲು."

"ಮಗಳು ಬಂದಳಲ್ಲ," ಎಂದ ಮಹೇಶ್ವರ, ಬೆವರು ಒರೆಸಿಕೊಳ್ಳುತ್ತಾ. "ಇನ್ನು ಏಳಿ. ಲೈನ್ ವಾಪಸ್ ಆನ್ ಮಾಡಲಿಕ್ಕೆ ಹೇಳ್ತೇನೆ."

"ತಂತಿ ತೆಗೆಯುವ ಮೊದಲು ಹೇಳಿದರೆ ನಿಮ್ಮನ್ನೇ ಅದರ ಮೇಲೆ ನಿಲ್ಲಿಸ್ತೇನೆ."

ಫೋನು ಮತ್ತೆ ಹೊಡೆದುಕೊಂಡಿತು. ಜುಲೈಕಾ ಸೆರಗು ಸರಿಮಾಡಿಕೊಂಡು ಎತ್ತಿದಳು.

"ಕರೆಂಟ್ ಆಫೀಸು. ಬೈಯಿರಿ."