ಬೇಳೆ ಬೇಯದ ನೀರು

ಆನೆಗೊಂದಿಯಿಂದ ತಂದ ನನ್ನ ಸೊಸೆ ಅಮೃತಾ ಮೊದಲು ಛಲೋ ಅಡುಗೆ ಮಾಡುತ್ತಿದ್ದಳು. ಯುಗಾದಿ ಮುಗಿದ ಮೇಲೆ ಅವಳಿಟ್ಟ ಬೇಳೆ ಬೇಯುವುದೇ ನಿಂತುಹೋಯಿತು. ಎಷ್ಟು ಕುದಿಸಿದರೂ ಕಾಳು ಕಾಳೇ. ನನ್ನ ಬಾಯಿ ಸುಮ್ಮನಿರುವುದಲ್ಲ. ಸೊಸೆಗೆ ಕೈಗುಣವಿಲ್ಲವೆಂದು ಓಣಿಗೆಲ್ಲ ಹೇಳಿದೆ. ಹೀಗೆ ವಾರ ಕಳೆಯಿತು. ನಾಳೆ ಬೀಗರು ಬರುವವರಿದ್ದರು. ಅಡುಗೆ ಕಲಿಸಿರಿ ಎಂದು ಅವಳನ್ನು ಅವರ ಜೊತೆಗೇ ಕಳಿಸಿಬಿಡುವವಳಿದ್ದೆ.

"ಅತ್ತಿ, ಕೈ ಅದೇ ಐತ್ರಿ. ನೀರು ಬ್ಯಾರೆ ಆಗೈತೇನು, ನೋಡೂಣ್ರಿ," ಎಂದಳು.

"ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ!"

ನಮ್ಮೂರು ಕುಡಿಯುವುದು ಯಲಬುರ್ಗಾ ರಸ್ತೆಯ ಕೆರೆಯ ನೀರು. ಕೊಳೆ ಹರಿದು ಬರಬಾರದೆಂದು ಅದರ ಸುತ್ತ ಗಿಡ, ಹುಲ್ಲು ಬೆಳೆಸಿ ದೊಡ್ಡ ಪಾರ್ಕ್ ಮಾಡಿದ್ದಾರೆ. ಅಲ್ಲಿ ಬಟ್ಟೆ ಒಗೆಯುವಂತಿಲ್ಲ, ಎಮ್ಮೆ ಇಳಿಸುವಂತಿಲ್ಲ. ಊರಿಗೆ ನೀರು ಬಿಡುವ ವಾಲ್ವಿನ ಕೀಲಿ ನಮ್ಮ ಮನೆಯವರ ಕೈಯಲ್ಲಿ. ಅಂಥ ನೀರಿಗೆ ಇವಳು ಹೆಸರಿಡುವುದೇ? ಸಿಟ್ಟು ಬಂತು. ಆದರೂ ಅವಳು ಬಾಟಲಿ ಹಿಡಿದು ಹೊರಟಾಗ ಮನೆಯಲ್ಲಿ ಕೂರಲಾಗಲಿಲ್ಲ, ಬೆನ್ನು ಹತ್ತಿದೆ.

ಒಂದು ಬಾಟಲಿ ಕೆರೆಯಿಂದ, ಒಂದು ಪಾರ್ಕಿನ ಹುಲ್ಲಿಗೆ ಬಿಡುವ ಬೋರಿನಿಂದ, ಇನ್ನೊಂದು ಮನೆಯ ನಳದಿಂದ. ಮೂರು ಪಾತ್ರೆಗೂ ಒಂದೊಂದು ಹಿಡಿ ಬೇಳೆ ಹಾಕಿ ಒಲೆಗಿಟ್ಟಳು. ನಾನು ಚಹಾ ಕುಡಿಯುವುದನ್ನೂ ಮರೆತು ನೋಡುತ್ತ ನಿಂತೆ.

ಕೆರೆ ನೀರಿನ ಬೇಳೆ ಬೆಣ್ಣೆಯಾಗಿತ್ತು. ಬೋರಿನ ಗಡಸು ನೀರಿನದು ಕಲ್ಲು. ನಳದ್ದೂ ಕಲ್ಲೇ.

"ನಳಕ್ಕ ಕೆರಿ ನೀರ ಬರಬೇಕಲ್ರಿ ಅತ್ತಿ? ಬೋರಿಂದು ಹೆಂಗ ಬಂತು?"

ಊಟಕ್ಕೆ ಕುಳಿತಿದ್ದ ನಮ್ಮ ಮನೆಯವರ ಕೈ ರೊಟ್ಟಿಯ ಮೇಲೆಯೇ ನಿಂತಿತು.

"ಬ್ಯಾಸಗ್ಯಾಗ ಕೆರಿ ಇಳದ್ರ ಪಾರ್ಕಿಗೆ ಬಂದೋರೆಲ್ಲ ನನ್ನ ಬೈತಾರ," ಎಂದರು ತಲೆ ಎತ್ತದೆ. "ಕೆರಿ ತುಂಬಿ ಕಾಣ್ಲಿ ಅಂತ ಯುಗಾದಿ ಆದಾಗಿಂದ ಊರಿಗೆ ಬೋರಿನ ನೀರು ಬಿಟ್ಟೀನಿ."

ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ನಾಚಿಕೆ ಬಂತು.

"ನಾಳಿ ನಮ್ಮವ್ವಗ ಏನ್ ಹೇಳ್ತೀರಿ ಅತ್ತಿ?" ಎಂದಳು ಅಮೃತಾ.

"ತಪ್ಪು ನಂದು ಅಂತೀನವ್ವಾ. ಅದಕ್ಕೂ ಮೊದ್ಲ ಓಣ್ಯಾಗ ಹೇಳಿ ಬರ್ತೀನಿ."

ಮೊದಲು ಹೋದದ್ದು ಪಕ್ಕದ ಫಕೀರಮ್ಮನ ಮನೆಗೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಕಳಕಮ್ಮ, ಸೊಸಿನ್ನ ಇನ್ನೂ ಕಳಿಸಿಲ್ಲೇನ? ನಿನ್ನ ಮಾತು ಕೇಳಿ ನಾ ನಮ್ಮಾಕಿನ್ನ ಮೊನ್ನೇನ ತವರಿಗೆ ಅಟ್ಟಿದೆ ನೋಡು. ಆಕಿಗೂ ಬ್ಯಾಳಿ ಬೇಸಾಕ ಬರ್ತಿದ್ದಿಲ್ಲ."